ಚಪ್ಪಲಿಯಿಲ್ಲದೆ ಫ್ರಿಜ್ ತೆರೆದ ದಿನ

ಭಾನುವಾರ, ೯ ಫೆಬ್ರವರಿ

ಮುದ್ದು ಮಗಳೇ,

ನೀನೂ ಅಳಿಯಂದಿರೂ ಗುಂಡುಮರಿಯೂ ಚೆನ್ನಾಗಿದ್ದೀರಿ ಎಂದು ನಿನ್ನೆ ಸಂಜೆ ಫೋನಿನಲ್ಲೇ ತಿಳಿದುಕೊಂಡಿರುವುದರಿಂದ ಅದನ್ನು ಮತ್ತೆ ಕೇಳಿ ಕಾಗದ ಹಾಳು ಮಾಡುವುದಿಲ್ಲ. ತಡವಾಯಿತು ಎಂದು ಬೈಯಬೇಡ. ‘ಎಲ್ಲಾ ವಿವರವಾಗಿ ಬರೀತೀನಿ’ ಎಂದು ಮಾತು ಕೊಟ್ಟು ಬಹಳ ದಿನವಾಯಿತು, ಒಪ್ಪಿಕೊಳ್ಳುತ್ತೇನೆ. ಬರೆಯಲು ಕೂತಾಗಲೆಲ್ಲ ಮೇಜಿನ ಮೇಲೆ ಗೋಡೆಯ ಧೂಳು, ಕುರ್ಚಿಯ ಮೇಲೆ ವೈರಿನ ಸುರುಳಿ. ಈಗ ಎರಡೂ ಖಾಲಿಯಾಗಿವೆ.

ಫೋನಿನಲ್ಲೇ ಹೇಳಬಾರದಿತ್ತೇ ಎನ್ನುತ್ತೀಯ. ಹೇಳಬಹುದಿತ್ತು. ಆದರೆ ಫೋನನ್ನು ಸ್ಪೀಕರಿಗೆ ಹಾಕಿಸಿಕೊಂಡು ಪಕ್ಕದಲ್ಲೇ ಕೂರುವ ನಿಮ್ಮಪ್ಪ ನಡುವೆ ಬಾಯಿ ಹಾಕುತ್ತಾರೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ಇಡೀ ಯುದ್ಧವನ್ನು ಅವರೇ ಗೆದ್ದಂತೆ ಆಗಿರುತ್ತದೆ. ಗೆದ್ದವಳು ನಾನು, ಆದ್ದರಿಂದ ಬರೆಯುವವಳೂ ನಾನೇ. ಅವರು ಕ್ಷೌರಕ್ಕೆ ಹೋಗಿದ್ದಾರೆ. ಭಾನುವಾರ ಅಲ್ಲಿ ಸಾಲು ಉದ್ದ ಇರುತ್ತದೆ. ನನಗೆ ಬೇಕಾದಷ್ಟು ಸಮಯವಿದೆ.

ನೀನು ಆವತ್ತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ಅಮ್ಮಾ, ಗುಂಡುಮರಿ ಅಂಬೆಗಾಲಿಡ್ತಿದ್ದಾಳೆ. ಸಿಕ್ಕಿದ್ದನ್ನೆಲ್ಲ ಹಿಡ್ಕೊಂಡು ಎದ್ದು ನಿಲ್ತಾಳೆ. ಅಲ್ಲಿ ಕರೆಂಟ್ ಸರಿಯಾಗೋವರೆಗೂ ನಾನು ಅವಳನ್ನ ಕರ್ಕೊಂಡು ಬರಲ್ಲ. ನೀವೇ ಬಂದು ನೋಡ್ಕೊಂಡು ಹೋಗಿ.” ನಿನ್ನ ದನಿಯಲ್ಲಿ ಕೋಪವಿದ್ದಿದ್ದರೆ ನಾನೂ ಎರಡು ಮಾತು ಆಡಿ ಸುಮ್ಮನಾಗುತ್ತಿದ್ದೆ. ಕೋಪವಿರಲಿಲ್ಲ. ಫೋನ್ ಇಟ್ಟ ಮೇಲೆ, ಅವಳಿಗೆಂದು ಹೊಲಿಯುತ್ತಿದ್ದ ಲಂಗವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಅವಳು ಬರುವಷ್ಟರಲ್ಲಿ ಅದು ಗಿಡ್ಡವಾಗಿರುತ್ತದೆ ಎನ್ನಿಸಿತು. ನಿಮ್ಮಪ್ಪನೂ ಎಲ್ಲ ಕೇಳಿಸಿಕೊಂಡಿದ್ದರು. “ಅದಕ್ಯಾಕೆ ಅಷ್ಟು ಯೋಚನೆ? ಅವಳ ಕಾಲಿಗೂ ಒಂದು ಜೊತೆ ಸಣ್ಣ ರಬ್ಬರ್ ಚಪ್ಪಲಿ ತಂದರಾಯ್ತು” ಎಂದರು. ಅಂಬೆಗಾಲಿಡುವ ಮಗುವಿಗೆ ಎರಡು ಜೊತೆ ಬೇಕಾಗುತ್ತದೆ ಎಂದು ಆ ಬುದ್ಧಿವಂತರಿಗೆ ಹೊಳೆಯಲಿಲ್ಲ.

ನಮ್ಮ ಮನೆಯ ಕಾನೂನುಗಳು ನಿನಗೆ ಬಾಯಿಪಾಠ. ಆದರೂ ಅಳಿಯಂದಿರು ಓದಿ ನಗಲಿ ಎಂದು ಬರೆಯುತ್ತೇನೆ, ಇನ್ನು ಮೇಲೆ ಅವು ಇರುವುದಿಲ್ಲವಲ್ಲ. ಫ್ರಿಜ್ ತೆಗೆಯುವ ಮುಂಚೆ ಅದರ ಎದುರಿಗಿರುವ ರಬ್ಬರ್ ಚಪ್ಪಲಿ ಮೆಟ್ಟಿಕೊಳ್ಳಬೇಕು. ಬಟ್ಟೆ ಒಗೆಯುವ ಮೆಷಿನ್ನಿನ ಮುಚ್ಚಳವನ್ನು ಮರದ ಸೌಟಿನಿಂದ ಎತ್ತಬೇಕು. ನಾನು ಇಸ್ತ್ರಿ ಮಾಡುತ್ತಿದ್ದರೆ ಯಾರೂ ಸ್ನಾನದ ಹೀಟರ್ ಹಾಕಬಾರದು. ನಡುಮನೆಯ ಸ್ವಿಚ್ಚಿಗೆ ಮೊದಲು ಮೆತ್ತಗೆ ಒಂದು ಏಟು, ಹತ್ತದಿದ್ದರೆ ಬಿರುಸಾಗಿ ಇನ್ನೊಂದು. ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ ಇದನ್ನೆಲ್ಲ ಹೇಳಿಕೊಡುತ್ತಿದ್ದೆವು. ನಿನ್ನ ಅತ್ತೆ ಮೊದಲ ಸಲ ಬಂದಾಗ ಫ್ರಿಜ್ ಕಡೆ ಕೈ ಚಾಚಿದರೆಂದು ನಾವು ಮೂವರೂ ಒಟ್ಟಿಗೆ “ಚಪ್ಪಲಿ!” ಎಂದು ಕಿರುಚಿದ್ದು, ಪಾಪ, ಅವರು ಹೊರಗೆ ಓಡಿ ತಮ್ಮ ಚಪ್ಪಲಿ ಇದೆಯೋ ಯಾರಾದರೂ ಎಗರಿಸಿದರೋ ಎಂದು ನೋಡಿ ಬಂದದ್ದು ನೆನಪಿದೆಯೇ? ಇಷ್ಟೆಲ್ಲ ಇದ್ದರೂ ಇದು ಕೆಟ್ಟುಹೋದ ಮನೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ರೀತಿ, ನಮ್ಮದು ಹೀಗೆ ಎಂದುಕೊಂಡಿದ್ದೆವು.

ಅದಕ್ಕೆ ಕಾರಣ ನಿಮ್ಮಪ್ಪನ ಕೈಗುಣ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಜೀವಮಾನವಿಡೀ ಮೆಷಿನ್ ನೋಡಿಕೊಂಡವರಿಗೆ ಒಂದು ಫ್ರಿಜ್ ಯಾವ ಲೆಕ್ಕ? ಜೇಬಿನಲ್ಲಿ ಸದಾ ಕರಿ ಟೇಪಿನ ಸುರುಳಿ. ಬೀದಿಯವರೆಲ್ಲ ಅವರನ್ನು ಟೇಪಣ್ಣ ಎಂದು ಕರೆಯುವುದು ಸುಮ್ಮನೆ ಅಲ್ಲ. ‘ನಮ್ಮನೆ ಫ್ಯೂಸ್ ಹೋಗಿ ಇಪ್ಪತ್ತು ವರ್ಷ ಆಯ್ತು’ ಎಂದು ಅವರು ಎದೆ ಉಬ್ಬಿಸಿ ಹೇಳುವುದನ್ನು ಕೇಳದ ನೆಂಟರಿಲ್ಲ. ಬೀದಿಯಲ್ಲಿ ಎಲ್ಲರ ಮನೆಯ ಫ್ಯೂಸ್ ಹೋದರೂ ನಮ್ಮದು ಬೆಳಗುತ್ತಿರುತ್ತಿತ್ತು, ಅದೂ ನಿಜ.

ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಅವರ ಮುಂದಿಟ್ಟು, “ಎಲೆಕ್ಟ್ರಿಷಿಯನ್ ಕರೆಸ್ತೀನಿ” ಎಂದೆ. ಅವರು ಲೋಟ ಮುಟ್ಟಲಿಲ್ಲ. “ನಾನು ಬದುಕಿರೋವಾಗ ಈ ಮನೆ ವೈರಿಗೆ ಇನ್ನೊಬ್ಬ ಕೈ ಹಾಕಬೇಕಾ?” ಎಂದರು. “ನೀವು ಬದುಕಿರೋವಾಗಲೇ ಹಾಕಲಿ ಅಂತಾನೇ ಕರೆಸ್ತಿರೋದು” ಎಂದೆ. ಆವತ್ತಿನಿಂದ ಮುಖ ಊದಿಸಿಕೊಂಡು ಮೇನ್ ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಪೇಪರ್ ಓದುವುದು ಅಲ್ಲೇ, ತೂಕಡಿಸುವುದೂ ಅಲ್ಲೇ.

ಮೊದಲು ಬಂದವನು ಮೂಲೆಯ ಹಾರ್ಡ್‌ವೇರ್ ಅಂಗಡಿಯವರು ಕಳಿಸಿದವನು. ಅವನ ಹತ್ತಿರ ಇದ್ದ ಆಯುಧ ಒಂದೇ ಒಂದು ಟೆಸ್ಟರ್. ಎರಡು ತೂತಿಗೆ ಚುಚ್ಚಿ ನೋಡಿ, “ಕರೆಂಟ್ ಚೆನ್ನಾಗಿ ಬರ್ತಿದೆ ಅಮ್ಮಾ” ಎಂದ. “ಬರ್ತಿದೆ ಅಂತ ನನಗೂ ಗೊತ್ತಪ್ಪ, ನನ್ನ ಕೈವರೆಗೂ ಬರ್ತಿದೆ. ಅದಕ್ಕೇ ನಿನ್ನನ್ನ ಕರೆಸಿದ್ದು” ಎಂದೆ. ಫ್ರಿಜ್ ಬದಲಾಯಿಸಿ ಎಂದು ಹೇಳಿ ಹೋದ. ಕುರ್ಚಿಯ ಮೇಲಿದ್ದವರ ಮುಖದಲ್ಲಿ ಆವತ್ತು ಮೊದಲ ಬಾರಿಗೆ ನಗು ಕಂಡಿತು.

ಎರಡನೆಯವನು ದೊಡ್ಡ ಮನುಷ್ಯ. ಹೊಸ್ತಿಲು ದಾಟುವ ಮುಂಚೆಯೇ ಎಲ್ಲಾ ಕಿತ್ತು ಹಾಕಬೇಕು ಎಂದ; ಅರ್ಧ ದುಡ್ಡು ಈಗಲೇ ಕೊಡಬೇಕಂತೆ. ಏನೇನು ಮಾಡುತ್ತೀರಿ, ಒಂದು ಚೀಟಿಯಲ್ಲಿ ಬರೆದುಕೊಡಿ ಎಂದರೆ, “ಬಾಯಿ ಮಾತೇ ಬರಹ ಅಮ್ಮಾ” ಎಂದ. ಲೈಸೆನ್ಸ್ ಇದೆಯಾ ಎಂದೆ. “ಲೈಸೆನ್ಸ್ ಯಾಕೆ? ಇಪ್ಪತ್ತೈದು ವರ್ಷದ ಅನುಭವ!” “ನಮ್ಮ ಯಜಮಾನರಿಗೆ ಮೂವತ್ತು ವರ್ಷದ ಅನುಭವ. ನೀವು ಹೊರಡಿ” ಎಂದು ಬಾಗಿಲು ಹಾಕಿದೆ. ನಿಮ್ಮಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದು ಆ ದಿನ ಎರಡು ಸಲ ಬಡಿಸಿಕೊಂಡು ಉಂಡರು.

ನನಗೆ ದಾರಿ ತೋರಿಸಿದ್ದು ಸಮವಸ್ತ್ರ ಹೊಲಿಸಲು ಬರುವ ಆಸ್ಪತ್ರೆಯ ನರ್ಸಮ್ಮ. ತೋಳಿನ ಅಳತೆ ಕೊಡುತ್ತಲೇ, “ನಮ್ಮನೆ ವೈರಿಂಗ್ ಮಾಡಿದ್ದು ಒಬ್ಬರು ಹೆಂಗಸು. ಲೈಸೆನ್ಸ್ ಇದೆ, ಕೆಲಸಕ್ಕೆ ಮುಂಚೆ ಎಲ್ಲಾ ಬರೆದು ಕೊಡ್ತಾರೆ, ಆಮೇಲೆ ಪರೀಕ್ಷೆ ಮಾಡಿ ತೋರಿಸ್ತಾರೆ. ಸ್ವಲ್ಪ ನಿಷ್ಠುರ, ಅಷ್ಟೆ” ಎಂದರು. ನಿಷ್ಠುರ ಎಂದದ್ದೇ ನನಗೆ ಇಷ್ಟವಾಯಿತು. ನಮ್ಮ ಮನೆಗೆ ಬೇಕಾಗಿದ್ದದ್ದೇ ಅದು.

ಆಕೆ ಬಂದಳು. ನಲವತ್ತರ ಆಸುಪಾಸು, ಗಟ್ಟಿ ಬೂಟು, ಹೆಗಲಲ್ಲಿ ಚೀಲ. ಕೇಳುವ ಮುಂಚೆಯೇ ಲೈಸೆನ್ಸ್ ತೆಗೆದು ನನ್ನ ಕೈಗೆ ಕೊಟ್ಟಳು. ಏನನ್ನೂ ಮುಟ್ಟದೆ, “ಎಲ್ಲೆಲ್ಲಿ ಏನೇನಾಗುತ್ತೆ ಹೇಳಿ ಅಮ್ಮಾ” ಎಂದು ಕೂತಳು. ನಾನು ಚಪ್ಪಲಿ, ಸೌಟು, ಹೀಟರು, ಎರಡು ಏಟು ಎಲ್ಲ ಹೇಳಿದೆ. ಹೇಳುತ್ತಾ ನನಗೇ ನಗು ಬಂತು, ಅವಳು ಮಾತ್ರ ನಗಲಿಲ್ಲ. ಎದ್ದು ಹೋಗಿ ಮೇನ್ ಬೋರ್ಡಿನ ಕೆಳಗೆ ನಿಂತು, “ಸಾರ್, ಕುರ್ಚಿ ಸ್ವಲ್ಪ” ಎಂದಳು. ನಿಮ್ಮಪ್ಪ ಅಲುಗಾಡಲಿಲ್ಲ. “ಇದು ನಾನು ಮಾಡಿದ ಕೆಲಸ” ಎಂದರು. “ಗೊತ್ತಾಗುತ್ತೆ ಸಾರ್. ಟೇಪ್ ಎಷ್ಟು ನೀಟಾಗಿ ಸುತ್ತಿದ್ದೀರಿ. ಅದಕ್ಕೇ ನೀವೇ ಪಕ್ಕದಲ್ಲಿ ನಿಂತು ತೋರಿಸಿ” ಎಂದಳು. ಹೊಗಳಿದರೆ ಕಲ್ಲೂ ಕರಗುತ್ತದಲ್ಲ, ಇವರೂ ಎದ್ದರು.

ಅವಳು ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದಳು. ಕೂದಲೆಳೆಯಷ್ಟು ತೆಳು ತಂತಿ ಇರಬೇಕಾದ ಜಾಗದಲ್ಲಿ ಬೇಲಿಗೆ ಕಟ್ಟುವಂಥ ದಪ್ಪ ತಾಮ್ರದ ತಂತಿ. “ನಾನೇ ಹಾಕಿದ್ದು. ಆಮೇಲೆ ಒಂದು ಸಲವೂ ಹೋಗಿಲ್ಲ!” ಎಂದರು ನಿಮ್ಮಪ್ಪ.

“ಸಾರ್, ನೀವು ಪ್ರೆಸ್ಸಿನಲ್ಲಿದ್ದಿರಂತೆ. ಮೆಷಿನ್ನಿನೊಳಗೆ ಏನಾದ್ರೂ ಸಿಕ್ಕಿಹಾಕಿಕೊಂಡರೆ ಏನಾಗ್ತಿತ್ತು?”

“ಏನಾಗುತ್ತೆ, ಮೆತ್ತನೆ ಪಿನ್ ಒಂದಿರುತ್ತೆ. ಅದು ಮುರೀತಿತ್ತು, ಮೆಷಿನ್ ನಿಲ್ತಿತ್ತು. ಪಿನ್ ಮುರಿದರೆ ಗೇರ್ ಉಳಿಯುತ್ತೆ.”

“ಪದೇ ಪದೇ ಮುರೀತಿದೆ ಅಂತ ಆ ಜಾಗಕ್ಕೆ ಗಟ್ಟಿ ಉಕ್ಕಿನ ಮೊಳೆ ಹಾಕಿದರೆ?”

“ಅಯ್ಯೋ, ಹಾಗೆ ಮಾಡಿದವನ ಕೈ ಮುರೀತಿದ್ದೆ! ಇಡೀ ಗೇರ್ ಪುಡಿ ಆಗ್ತಿತ್ತು. ಪಕ್ಕದಲ್ಲಿ ನಿಂತವನ—”

ಅಲ್ಲಿಗೆ ನಿಂತುಬಿಟ್ಟರು. ಅವಳು ಫ್ಯೂಸನ್ನು ಅವರ ಅಂಗೈ ಮೇಲಿಟ್ಟಳು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡಕ ಹುಡುಕಿಕೊಂಡು ಬಂದು ಮತ್ತೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, “ಕುರ್ಚಿ ತೆಗೀರಿ” ಎಂದರು. ಕುರ್ಚಿ ಹಾಕಿದವರೇ ಅವರು, ತೆಗೆಯಬೇಕಾದವರು ಮಾತ್ರ ನಾವು! ನಾನು ತೆಗೆದೆ. ಅಷ್ಟು ಸಂತೋಷದಿಂದ ನಾನು ಯಾವ ಕುರ್ಚಿಯನ್ನೂ ಎತ್ತಿಟ್ಟಿಲ್ಲ.

ಉಳಿದದ್ದು ಒಂದೊಂದಾಗಿ ಹೊರಬಂತು. ಫ್ರಿಜ್ಜಿನ ಪ್ಲಗ್ಗಿಗೆ ಮೂರು ಕಾಲು, ಗೋಡೆಯ ಸಾಕೆಟ್ಟಿಗೆ ಮೂರು ತೂತು, ಆದರೆ ಮೂರನೆಯ ತೂತಿನ ಹಿಂದೆ ಏನೂ ಇಲ್ಲ. ಬರೀ ಗೋಡೆ. ಮೆಷಿನ್ನಿನ ಮೈಗೆ ಸೋರಿದ ಕರೆಂಟು ಆ ದಾರಿಯಲ್ಲಿ ಭೂಮಿಗೆ ಹೋಗಬೇಕಂತೆ. ದಾರಿಯೇ ಇಲ್ಲದಿದ್ದಾಗ ಮುಟ್ಟಿದವರ ಮೂಲಕ ಹೋಗುತ್ತದಂತೆ. ಅಂದರೆ ನಮ್ಮ ಮನೆಯಲ್ಲಿ ಅರ್ತಿಂಗ್ ತಂತಿ ನಾನೇ! ಇಸ್ತ್ರಿ ಸಾಕೆಟ್ಟಿನ ಹಿಂದಿನ ವೈರನ್ನು ಅವಳು ಎರಡು ಬೆರಳಲ್ಲಿ ಬಾಗಿಸಿದಳು. ಅದರ ಮೇಲಿನ ಕವಚ ಹಪ್ಪಳದಂತೆ ಮುರಿದು ನೆಲಕ್ಕೆ ಉದುರಿತು. ಒಳಗೆ ಗೋಡೆ ಕಪ್ಪಾಗಿತ್ತು. “ಬೆಂಕಿ ಇಲ್ಲಿವರೆಗೂ ಬಂದು ವಾಪಸ್ ಹೋಗಿದೆ ಅಮ್ಮಾ. ಒಂದೇ ಸಲ ಅಲ್ಲ” ಎಂದಳು. ಆ ಗೋಡೆಯ ಈಚೆಗೇ ಗಿರಾಕಿಗಳ ಬಟ್ಟೆ ಪೇರಿಸಿಟ್ಟಿರುತ್ತಿದ್ದೆ. ಅಷ್ಟನ್ನೂ ಆಗಲೇ ಎತ್ತಿ ನಡುಮನೆಗೆ ಸಾಗಿಸಿದೆ.

ಏನು ಮಾಡುತ್ತೇನೆ, ಯಾವ ಸಾಮಾನು, ಎಷ್ಟಾಗುತ್ತದೆ, ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು ಎಂದು ಬರೆದುಕೊಟ್ಟಳು. ದುಡ್ಡಿನ ಚಿಂತೆ ನಿನಗೆ ಬೇಡ, ನನ್ನ ಹೊಲಿಗೆಯದೇ ಸಾಕಾಯಿತು. ಇಡೀ ವಾರ ಮನೆ ರಣರಂಗ. ನಾನು ಹೊಲಿಗೆ ಮೆಷಿನ್ನಿನ ಮೋಟರ್ ಬಿಚ್ಚಿ ಅದನ್ನು ಕಾಲಲ್ಲಿ ತುಳಿದೆ. ಮೊಣಕಾಲು ಶಾಪ ಹಾಕಿತು, ಒಂದು ಬಟ್ಟೆಯೂ ತಡವಾಗಲಿಲ್ಲ. ಅವಳು ಮೇನ್ ಆಫ್ ಮಾಡಿ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಅದು ನಿಮ್ಮಪ್ಪನಿಗೆ ಸಹಿಸಲಾಗಲಿಲ್ಲ. “ಕೀಲಿ ನನ್ನ ಹತ್ರ ಇರಲಿ, ಮನೆ ಯಜಮಾನ ನಾನು” ಎಂದರು. “ವೈರ್ ಹಿಡಿದುಕೊಂಡಿರೋಳು ನಾನು ಸಾರ್. ಯಾರ ಕೈ ವೈರ್ ಮೇಲಿದೆಯೋ ಕೀಲಿ ಅವರ ಜೇಬಲ್ಲಿ” ಎಂದಳು. ಇವರು “ಅದು ಸರಿ” ಎಂದರು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಆ ಎರಡು ಪದಗಳನ್ನು ಕೇಳಿದ್ದು ಕಡಿಮೆ.

ಅಂಗಳದಲ್ಲಿ ಅರ್ತಿಂಗ್ ಗುಂಡಿ ತೋಡಲು ಆಳು ಕರೆಸುತ್ತೇನೆಂದರೆ ಇವರೇ ಗುದ್ದಲಿ ಹಿಡಿದರು. ಅವಳು ಸಾಕು ಎಂದ ಮೇಲೂ ತೋಡಿದರು. ಹೋಗುವವರು ಬರುವವರು ‘ಏನು ಟೇಪಣ್ಣ, ನಿಧಿಯಾ?’ ಎಂದು ಕೇಳಿದರೆ, “ಗಟ್ಟಿ ಅರ್ತಿಂಗ್ ಅಂದ್ರೆ ಹಿಂಗಿರಬೇಕು!” ಎಂದು ಉಪದೇಶ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇಂಥವರಿಗೇ ಹುಟ್ಟಿದ ಮಾತಿರಬೇಕು. ಇರಲಿ ಬಿಡು, ಗುಂಡಿಯಂತೂ ಆಳವಾಯಿತು.

ಕೊನೆಯ ದಿನ ಅವಳು ಹೊಸ ಬೋರ್ಡಿನ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿದಳು. ಕರೆಂಟು ಎಲ್ಲಿ ಸೋರಿದರೂ ತಾನೇ ಬಿದ್ದುಹೋಗುವ ಟ್ರಿಪ್ ಸ್ವಿಚ್ ಹಾಕಿದ್ದಾಳೆ. ಅದರಲ್ಲಿ ಒಂದು ಸಣ್ಣ ಗುಂಡಿ. ತಿಂಗಳಿಗೊಮ್ಮೆ ಒತ್ತಿ ನೋಡಬೇಕಂತೆ. “ಒತ್ತಿ ಸಾರ್” ಎಂದಳು. ಒತ್ತಿದರು. ಟಕ್ ಎಂದು ಇಡೀ ಮನೆಯ ಕರೆಂಟು ಹೋಯಿತು. “ಹೋಯ್ತು!” ಎಂದು ನಿಮ್ಮಪ್ಪ ಕುಣಿದರು ಕಣೇ. ಕರೆಂಟು ಹೋಗುವುದಿಲ್ಲ ಎಂದು ಇಪ್ಪತ್ತು ವರ್ಷ ಜಂಭ ಕೊಚ್ಚಿದವರು ಈಗ ಬೀದಿಯವರನ್ನು ಒಬ್ಬೊಬ್ಬರಾಗಿ ಕರೆದು, “ನೋಡಿ, ಎಷ್ಟು ಬೇಗ ಹೋಗುತ್ತೆ!” ಎಂದು ತೋರಿಸುತ್ತಿದ್ದಾರೆ. ತಿಂಗಳಿಗೊಮ್ಮೆ ಎಂದದ್ದನ್ನು ದಿನಕ್ಕೊಮ್ಮೆ ಮಾಡಿಕೊಂಡಿದ್ದಾರೆ. ನನ್ನ ಹೊಲಿಗೆ ನಡುವೆ ನಿಂತಾಗಲೆಲ್ಲ ಯಾರೋ ಹೊಸಬರು ಬಂದಿದ್ದಾರೆ ಎಂದು ತಿಳಿದುಕೊಳ್ಳುತ್ತೇನೆ.

ನಂತರ ಅವಳು ಮೀಟರ್ ಹಿಡಿದು ಫ್ರಿಜ್ ನೋಡಿ, ಮೆಷಿನ್ ನೋಡಿ, ನಲ್ಲಿ ನೋಡಿ, “ಈಗ ಮುಟ್ಟಿ ಅಮ್ಮಾ” ಎಂದಳು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ ಫ್ರಿಜ್ಜಿನ ಬಾಗಿಲಿಗೆ ಪೂರ್ತಿ ಅಂಗೈ ಇಟ್ಟೆ. ಅದರ ಮೈ ಅಷ್ಟು ನುಣುಪಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಏನೂ ಬೇಕಿರಲಿಲ್ಲ, ಸುಮ್ಮನೆ ತೆಗೆದೆ. ಎಲೆಕ್ಟ್ರಿಷಿಯನ್ ಹೆಣ್ಣು ತನ್ನ ಸಾಮಾನು ಜೋಡಿಸಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗಿಕೊಂಡಳು. ಒಳ್ಳೆಯವಳು.

ಅವಳು ಹೋದ ಎರಡನೇ ದಿನವೇ ಆ ಸ್ವಿಚ್ ತನ್ನ ಯೋಗ್ಯತೆ ತೋರಿಸಿತು. ನಿಮ್ಮಪ್ಪ ಎಷ್ಟೋ ಸಲ ರಿಪೇರಿ ಮಾಡಿದ ನನ್ನ ಇಸ್ತ್ರಿ ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿದೆ. ಟಕ್. ಕರೆಂಟಿಲ್ಲ. ತೆಗೆದರೆ ಬರುತ್ತದೆ, ಹಾಕಿದರೆ ಹೋಗುತ್ತದೆ. ಇವರು ಪೆಟ್ಟಿಗೆ ಎತ್ತಿಕೊಂಡು ತಾವೇ ಸುತ್ತಿದ್ದ ಟೇಪನ್ನು ಉಗುರಿನಿಂದ ಬಿಡಿಸಿದರು. ಬಹಳ ಹೊತ್ತು ಅದನ್ನು ನೋಡಿದರು, ನನ್ನ ಕೈ ನೋಡಿದರು. “ಇದನ್ನ ನೀನು ದಿನಾ…” ಎಂದು ಶುರು ಮಾಡಿ, ಮುಗಿಸದೆ, ಅಂಗಿ ಹಾಕಿಕೊಂಡು ಹೊರಗೆ ಹೋದರು. ಸಂಜೆ ಹೊಸ ಇಸ್ತ್ರಿ ಪೆಟ್ಟಿಗೆ ಬಂತು. ಅಂಗಡಿಯವನಿಗೆ ಮೂರನೇ ಕಾಲಿಗೆ ತಂತಿ ಇದೆಯಾ ಎಂದು ಬಿಚ್ಚಿ ತೋರಿಸಲು ಹೇಳಿ ಜಗಳ ಆಡಿದರಂತೆ.

ಈಗ ಬೀದಿಯಲ್ಲಿ ನನಗೆ ಹೊಸ ಹೆಸರು ಬಂದಿದೆ, ‘ಕರೆಂಟ್ ಆಫೀಸು’. ರವಿಕೆ ಅಳತೆ ಕೊಡಲು ಬಂದವರೆಲ್ಲ ಯಾರನ್ನು ಕರೆಸಬೇಕು, ಏನು ಕೇಳಬೇಕು ಎನ್ನುತ್ತಾರೆ. ಲೈಸೆನ್ಸ್ ನೋಡಿ, ಬರೆಸಿಕೊಳ್ಳಿ, ಮುಗಿದ ಮೇಲೆ ಪರೀಕ್ಷೆ ಮಾಡಿಸಿ ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತೇನೆ. ಎದುರು ಮನೆಯಲ್ಲೂ ಅದರ ಪಕ್ಕದಲ್ಲೂ ಕೆಲಸ ಶುರುವಾಗಿದೆ.

ಆದ್ದರಿಂದ, ಮಗಳೇ, ನಿನ್ನ ಷರತ್ತು ಪೂರೈಸಿದ್ದೇನೆ. ಸಾಕೆಟ್ಟುಗಳನ್ನು ಮೇಲಕ್ಕೆ ಹಾಕಿಸಿದ್ದೇನೆ, ಕೆಳಗಿನವಕ್ಕೆ ಮುಚ್ಚಳ ಇದೆ. ಗುಂಡುಮರಿ ಬರಲಿ. ಫ್ರಿಜ್ ಹಿಡಿದು ನಿಲ್ಲಲಿ, ಮೆಷಿನ್ ತಬ್ಬಲಿ, ನಿಮ್ಮಪ್ಪನ ಕನ್ನಡಕ ಕಿತ್ತುಕೊಳ್ಳಲಿ. ಲಂಗದ ಅಂಚು ಬಿಚ್ಚಿ ಉದ್ದ ಮಾಡಿದ್ದೇನೆ. ಅಳಿಯಂದಿರಿಗೆ ಕ್ಷೇಮ ಹೇಳು. ನಿಮ್ಮ ಮೂವರ ಮನೆ ತುಂಬ ಬೆಳಕಿರಲಿ, ಯಾರಿಗೂ ಯಾವ ಕೆಡುಕೂ ಸೋಕದಿರಲಿ.

ಇಂತಿ ನಿನ್ನ,
ಅಮ್ಮ

ತಾ.ಕ.: ನಿಮ್ಮಪ್ಪ ಬರುವುದು ಕಾಣುತ್ತಿದೆ, ಬೇಗ ಬರೆಯುತ್ತೇನೆ. ನೀನು ಮಗುವಿಗೆ ಎಂದು ಒಂದು ಸಲ ಹೇಳಿದೆ, ಇಡೀ ಮನೆ ಎದ್ದು ನಿಂತಿತು. ನನಗೆ ಹೆಮ್ಮೆ ಎನ್ನಿಸಿತು, ಗೆದ್ದೆ ಎನ್ನಿಸಿತು. ಎಲ್ಲ ಮುಗಿದ ಮೇಲೆ, ಕೈಯಲ್ಲಿ ಏನೂ ಕೆಲಸವಿಲ್ಲದೆ ಕೂತಾಗ ಬೇರೆ ಏನೋ ಒಂದು ಚುಚ್ಚಿತು. ಇಷ್ಟು ವರ್ಷ ಕರೆಂಟು ತಗುಲುತ್ತಿದ್ದದ್ದು ನನಗೆ. ಆಗ ಎಲೆಕ್ಟ್ರಿಷಿಯನ್ ಕರೆಸಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ನಿಮ್ಮಪ್ಪನಿಗೆ ಅನ್ನಿಸಲಿಲ್ಲ, ನಿನಗೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅನ್ನಿಸಲಿಲ್ಲ. ಬೈಯುತ್ತಿಲ್ಲ ಕಣೇ, ನೋವಾಗಿದೆ ಅಷ್ಟೆ, ನಿನಗಲ್ಲದೆ ಯಾರಿಗೆ ಹೇಳಲಿ? ಹೋದ ಸಲ ನಿಮ್ಮ ಮನೆಗೆ ಬಂದಿದ್ದಾಗ, ಬಚ್ಚಲಿನ ಬಿಸಿನೀರಿನ ನಲ್ಲಿ ತಿರುಗಿಸುವ ಮುಂಚೆ ನೀನು ಕೈಗೆ ಒಣ ಟವೆಲ್ ಸುತ್ತಿಕೊಂಡೆ. ಏನೇ ಅದು ಎಂದು ನಾನು ಕೇಳಿದೆ. “ಏನಿಲ್ಲಮ್ಮ, ಸ್ವಲ್ಪ ಜುಮ್ ಅನ್ನುತ್ತೆ. ಪಾಪುಗೆ ನೀರು ಬಕೆಟ್ಟಲ್ಲೇ ತರ್ತೀನಿ, ಅವಳಿಗೆ ತಗುಲಲ್ಲ” ಎಂದೆ. ಅವತ್ತು ನಾನೂ ಸುಮ್ಮನಾದೆ. ಈಗ ಆ ಎಲೆಕ್ಟ್ರಿಷಿಯನ್‌ಗೆ ನಿನ್ನ ವಿಳಾಸ ಕೊಟ್ಟಿದ್ದೇನೆ, ಗುರುವಾರ ಬರುತ್ತಾಳೆ. ಅವಳು ನೋಡುವವರೆಗೂ ಆ ಹೀಟರ್ ಹಾಕಬೇಡ. ಏನು ತೊಂದರೆ ಎಂದು ಕೇಳಿದರೆ, ಮನೆಯಲ್ಲಿ ಮಗುವಿದೆ ಎನ್ನಬೇಡ. ನನಗೆ ತಗುಲುತ್ತೆ ಎನ್ನು.